ಅಡಿಕೆಗೆ ಹೋದ ಮಾನ: ಅಂತರಜಾಲದ ಮಾನಹಾನಿ ಮತ್ತು ವ್ಯಾಪಾರಿಯ ಹೊಣೆ

'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬ ಗಾದೆ ವ್ಯಾಪಾರಸ್ಥರಿಗೆ ಹೊಸದೇನಲ್ಲ. ಲೆಕ್ಕಪತ್ರ ಶಾಸ್ತ್ರವೂ ಒಂದು ರೀತಿಯಲ್ಲಿ ಇದನ್ನೇ ಸೂಚಿಸುತ್ತದೆ. ಒಂದು ಸಂಸ್ಥೆಯು ತಾನೇ ವರ್ಷಾನುಗಟ್ಟಲೆ ದುಡಿದು ಗಳಿಸಿದ ಸುನಾಮವನ್ನು, ಅಂದರೆ ಗುಡ್‌ವಿಲ್ಲನ್ನು, ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನಕ 26 ಅವಕಾಶ ನೀಡುವುದಿಲ್ಲ. ಅದರ ವೆಚ್ಚವನ್ನು ವಿಶ್ವಾಸಾರ್ಹವಾಗಿ ಅಳೆಯಲು ಸಾಧ್ಯವಿಲ್ಲವೆಂಬುದೇ ಕಾರಣ. ಹೀಗಾಗಿ ವ್ಯಾಪಾರಿಯ ಅತಿ ದೊಡ್ಡ ಬಂಡವಾಳ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಅದು ನಷ್ಟವಾದಾಗ ಮಾತ್ರ ಕುಸಿದ ಮಾರಾಟದಲ್ಲಿ, ಉದ್ದರಿ ನಿಲ್ಲಿಸಿ ನಗದು ಕೇಳುವ ಸರಬರಾಜುದಾರನ ಮಾತಿನಲ್ಲಿ, ಸಾಲದ ಮಿತಿ ಏರಿಸಲು ಹಿಂದೆಗೆಯುವ ಬ್ಯಾಂಕಿನ ಮೌನದಲ್ಲಿ ಅದರ ಬೆಲೆ ತಿಳಿಯುತ್ತದೆ.

ಹಿಂದೆ ಪೇಟೆಯಲ್ಲಿ ಎದ್ದ ಗಾಳಿಸುದ್ದಿ ಪೇಟೆಯಲ್ಲಿಯೇ ಅಡಗುತ್ತಿತ್ತು. ಇಂದು ಮೊಬೈಲಿನಲ್ಲಿ ಬರೆದ ನಾಲ್ಕು ಸಾಲು ಸಂಜೆಯೊಳಗೆ ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳನ್ನು ದಾಟಿರುತ್ತದೆ. ಬರೆದವನು ಅಳಿಸಿದರೂ ಅದರ ಪ್ರತಿ ಇನ್ನೊಬ್ಬರಲ್ಲಿ ಉಳಿದಿರುತ್ತದೆ. ಈ ಸ್ಥಿತಿಯಲ್ಲಿ ವ್ಯಾಪಾರಿಯು ಮಾನಹಾನಿ ಕಾನೂನನ್ನು ಎರಡು ಕಡೆಯಿಂದ ಅರಿತಿರುವುದು ಅವಶ್ಯ. ತನ್ನ ಮೇಲೆ ಬಂದ ಅಪವಾದವನ್ನು ಎದುರಿಸುವುದು ಒಂದು. ತಾನೇ ಮತ್ತೊಬ್ಬರ ಮೇಲೆ ಅಪವಾದ ಹೊರಿಸದಂತೆ ಎಚ್ಚರ ವಹಿಸುವುದು ಇನ್ನೊಂದು. ಮೊದಲನೆಯದರ ಬಗ್ಗೆ ಚರ್ಚೆ ಸಾಕಷ್ಟು ನಡೆಯುತ್ತದೆ. ಎರಡನೆಯದರ ಬಗ್ಗೆ ಯಾರೂ ಮಾತನಾಡುವುದಿಲ್ಲ.

1860ರ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೆಯ ಕಲಂಗಳಲ್ಲಿದ್ದ ಮಾನಹಾನಿಯ ಅಪರಾಧವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿಗೆ ವರ್ಗವಾಗಿದೆ. ಶಿಕ್ಷೆ ಎರಡು ವರ್ಷಗಳವರೆಗಿನ ಸಾದಾ ಕಾರಾವಾಸ, ಅಥವಾ ದಂಡ, ಅಥವಾ ಎರಡೂ. ಹೊಸದಾಗಿ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಲಾಗಿದೆ. ಕಂಪನಿ ಅಥವಾ ಸಂಘದ ವಿರುದ್ಧದ ಆರೋಪವೂ ಮಾನಹಾನಿಯಾಗಬಹುದೆಂದು ಕಾನೂನಿನ ವಿವರಣೆಯೇ ಹೇಳುತ್ತದೆ. ಈ ಅಪರಾಧವನ್ನು ಸಂವಿಧಾನಬದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2016ರ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಅಂತರಜಾಲದಲ್ಲಿ ಯಾರಾದರೂ ಕೆಟ್ಟದಾಗಿ ಬರೆದರೆ ಪೊಲೀಸರು ತಕ್ಷಣ ಬಂಧಿಸುತ್ತಾರೆಂಬ ನಂಬಿಕೆ ಹಲವರಲ್ಲಿ ಇನ್ನೂ ಉಳಿದಿದೆ. ಅದಕ್ಕೆ ಎಡೆಮಾಡಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿತು. ಮಾನಹಾನಿಯು ಪೊಲೀಸರು ತಾವಾಗಿಯೇ ತನಿಖೆ ನಡೆಸುವ ಅಪರಾಧವಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಸಲ್ಲಿಸಬೇಕು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಂತೆ, ದೂರನ್ನು ವಿಚಾರಣೆಗೆ ಅಂಗೀಕರಿಸುವ ಮೊದಲು ಎದುರಾಳಿಗೂ ಮಾತನಾಡಲು ಅವಕಾಶ ಕೊಡಬೇಕು.

ನಷ್ಟ ಪರಿಹಾರ ಬೇಕಾದವರಿಗೆ ಸಿವಿಲ್ ದಾವೆಯ ಮಾರ್ಗವಿದೆ. ಆದರೆ 1963ರ ಕಾಲಪರಿಮಿತಿ ಕಾಯಿದೆಯು ಇದಕ್ಕೆ ನೀಡಿರುವ ಅವಧಿ ಕೇವಲ ಒಂದು ವರ್ಷ. ಬರಹ ಅಂತರಜಾಲದಲ್ಲಿ ಇರುವವರೆಗೂ ಅವಧಿ ಮುಂದುವರಿಯುತ್ತದೆಂದು ಭಾವಿಸಬಾರದು. ಬರಹವನ್ನು ಯಾರೋ ತೆರೆದು ಓದಿದಾಗಲೆಲ್ಲ ಹೊಸ ವ್ಯಾಜ್ಯಕಾರಣ ಹುಟ್ಟುವುದಿಲ್ಲ, ಮೊದಲ ಪ್ರಕಟಣೆಯ ದಿನದಿಂದಲೇ ವರ್ಷದ ಲೆಕ್ಕ ಎಂದು ದೆಹಲಿ ಉಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿದೆ. ಬಾಕಿ ವಸೂಲಿಗೆ ಮೂರು ವರ್ಷ ಇದೆಯೆಂದು ನಿಶ್ಚಿಂತರಾಗಿರುವ ವ್ಯಾಪಾರಿಗಳು ಮಾನದ ವಿಷಯದಲ್ಲಿಯೂ ಅದೇ ಲೆಕ್ಕ ಹಾಕಿದರೆ ದಾವೆಯ ಹಕ್ಕನ್ನೇ ಕಳೆದುಕೊಳ್ಳುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ಸಾಕ್ಷ್ಯದ್ದು. ಭಾರತದಲ್ಲಿ ಇಮೇಲ್ ಮೂಲಕದ ಮಾನಹಾನಿಯ ಮೊದಲ ಪ್ರಕರಣವೆಂದು ಪ್ರಸಿದ್ಧವಾಗಿರುವುದು ಎಸ್‌ಎಂಸಿ ನ್ಯೂಮ್ಯಾಟಿಕ್ಸ್ ಕಂಪನಿಯದು. ತನ್ನ ನೌಕರನೊಬ್ಬ ಕಂಪನಿಯ ಹಾಗೂ ಅದರ ವ್ಯವಸ್ಥಾಪಕ ನಿರ್ದೇಶಕರ ಹೆಸರು ಕೆಡಿಸುವ ಇಮೇಲ್‌ಗಳನ್ನು ಕಳುಹಿಸುತ್ತಿದ್ದಾನೆಂದು ಕಂಪನಿಯು ದಾವೆ ಹೂಡಿದಾಗ, ದೆಹಲಿ ಉಚ್ಚ ನ್ಯಾಯಾಲಯವು 2001ರಲ್ಲಿ ತಾತ್ಕಾಲಿಕ ತಡೆಯಾಜ್ಞೆ ನೀಡಿತು. ಅದು ದೇಶದಾದ್ಯಂತ ಸುದ್ದಿಯಾಯಿತು. ಆದರೆ 2014ರಲ್ಲಿ ವಿಚಾರಣೆ ಮುಗಿದಾಗ ಕಂಪನಿಗೆ ಶಾಶ್ವತ ತಡೆಯಾಜ್ಞೆ ದೊರೆಯಲಿಲ್ಲ. ಮುದ್ರಿಸಿ ತಂದ ಇಮೇಲ್‌ಗಳ ಜೊತೆ ಸಾಕ್ಷ್ಯ ಕಾಯಿದೆಯ 65ಬಿ ಕಲಂ ಬೇಡುವ ಪ್ರಮಾಣಪತ್ರ ಇರಲಿಲ್ಲ. ಅವುಗಳನ್ನು ಕಳುಹಿಸಿದವನು ಆ ನೌಕರನೇ ಎಂಬುದೂ ಸಾಬೀತಾಗಲಿಲ್ಲ. ಹದಿಮೂರು ವರ್ಷಗಳ ಹೋರಾಟ ಸಾಕ್ಷ್ಯದ ಕೊರತೆಯಿಂದ ಸೋತಿತು. ಮೊದಲ ಗೆಲುವನ್ನು ನೆನೆಯುವವರು ಕೊನೆಯ ಸೋಲನ್ನು ಮರೆಯಬಾರದು.

ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕಡ್ಡಾಯವೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೂ 2020ರಲ್ಲಿಯೂ ಖಚಿತಪಡಿಸಿದೆ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದು, ಪ್ರಮಾಣಪತ್ರದ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರೂ ಮತ್ತೊಂದನ್ನು ತಜ್ಞರೂ ತುಂಬಬೇಕೆಂದು ವಿಧಿಸಿದೆ. ಆದುದರಿಂದ ಆಕ್ಷೇಪಾರ್ಹ ಸಂದೇಶ ಕಂಡ ದಿನವೇ ಅದರ ಚಿತ್ರ, ದಿನಾಂಕ, ಸಮಯ, ಕಳುಹಿಸಿದವರ ಸಂಖ್ಯೆ ಇವುಗಳನ್ನು ದಾಖಲಿಸಿಟ್ಟುಕೊಳ್ಳಬೇಕು. ಸಂದೇಶ ಬಂದ ಫೋನನ್ನು ಮಾರಬಾರದು, ಅದರಲ್ಲಿನ ಮೂಲ ಸಂದೇಶವನ್ನು ಅಳಿಸಬಾರದು. ರಸೀದಿಯಿಲ್ಲದ ಖರ್ಚನ್ನು ಲೆಕ್ಕ ಪರಿಶೋಧಕರು ಒಪ್ಪದಿರುವಂತೆ, ಪ್ರಮಾಣವಿಲ್ಲದ ಪರದೆಯ ಚಿತ್ರವನ್ನು ನ್ಯಾಯಾಲಯವೂ ಒಪ್ಪುವುದಿಲ್ಲ.

ಹಾಗೆಂದು ಪ್ರತಿಯೊಂದು ಟೀಕೆಯೂ ಮಾನಹಾನಿಯಲ್ಲ. ಮಾಲು ಸರಿಯಿಲ್ಲವೆಂದು, ಸಮಯಕ್ಕೆ ತಲುಪಲಿಲ್ಲವೆಂದು ಗ್ರಾಹಕ ತನ್ನ ಅನುಭವವನ್ನು ಬರೆದರೆ ಅದು ಅವನ ಹಕ್ಕು. ಟಾಟಾ ಸಂಸ್ಥೆಯಂತಹ ಬಲಾಢ್ಯರು ಒಡಿಶಾದ ಧಾಮ್ರಾ ಬಂದರಿನ ವಿಷಯದಲ್ಲಿ ಗ್ರೀನ್‌ಪೀಸ್ ರೂಪಿಸಿದ್ದ ವ್ಯಂಗ್ಯದ ಅಂತರಜಾಲ ಆಟವನ್ನು ನಿಲ್ಲಿಸಲು ಕೋರಿದಾಗ, ದೆಹಲಿ ಉಚ್ಚ ನ್ಯಾಯಾಲಯವು 2011ರಲ್ಲಿ ತಾತ್ಕಾಲಿಕ ತಡೆಯಾಜ್ಞೆ ನಿರಾಕರಿಸಿತು. ಅಸಮಾಧಾನಗೊಂಡ ಗ್ರಾಹಕನಿಗೆ ವಕೀಲರ ನೋಟೀಸು ಕಳುಹಿಸುವುದಕ್ಕಿಂತ ಎರಡು ಸಾಲಿನ ಸಭ್ಯ ಉತ್ತರ ಬರೆದು ದೋಷ ಸರಿಪಡಿಸುವುದೇ ಅಗ್ಗದ ಹಾಗೂ ಫಲಕಾರಿಯಾದ ಮಾರ್ಗ. ಸುಳ್ಳನ್ನು ಸುಳ್ಳೆಂದು ದಾಖಲೆಯಿಂದ ತೋರಿಸಬಲ್ಲ ಸಂದರ್ಭಕ್ಕೆ ಮಾತ್ರ ನ್ಯಾಯಾಲಯವನ್ನು ಮೀಸಲಿಡಬೇಕು.

ಇನ್ನು ಯಾರೂ ಮಾತನಾಡದ ಎರಡನೆಯ ವಿಷಯ. ಪೇಟೆಯ ಗುಂಪುಗಳಲ್ಲಿ 'ಈ ಪಾರ್ಟಿಗೆ ಮಾಲು ಕೊಡಬೇಡಿ, ಮೋಸಗಾರ' ಎಂಬ ಸಂದೇಶಗಳು ಭಾವಚಿತ್ರ, ಜಿಎಸ್‌ಟಿ ಸಂಖ್ಯೆ ಸಮೇತ ಹರಿದಾಡುವುದು ಸಾಮಾನ್ಯವಾಗಿದೆ. ಹಣ ಬಾರದೆ ಕಂಗೆಟ್ಟ ಸಣ್ಣ ಉತ್ಪಾದಕನ ಸಿಟ್ಟು ಸಹಜ. ಅವನಿಗೂ ಕೂಲಿ ಕೊಡಬೇಕಿದೆ, ಬಡ್ಡಿ ಕಟ್ಟಬೇಕಿದೆ. ಆದರೆ ಬಾಕಿ ಉಳಿಸಿಕೊಂಡವರೆಲ್ಲ ಮೋಸಗಾರರಲ್ಲ. ಮಾಲಿನ ಗುಣಮಟ್ಟದ ತಕರಾರು ಇರಬಹುದು. ಅವನಿಗೇ ಮೇಲಿನವರಿಂದ ಹಣ ಬಂದಿಲ್ಲದಿರಬಹುದು. 'ಇಷ್ಟು ಮೊತ್ತ ಇಂತಹ ದಿನದಿಂದ ಬಾಕಿ ಇದೆ' ಎಂಬುದು ದಾಖಲೆಯಿಂದ ತೋರಿಸಬಹುದಾದ ಸಂಗತಿ. 'ಮೋಸಗಾರ' ಎಂಬುದು ಆರೋಪ. ಮೊದಲನೆಯದನ್ನು ಬರೆದವನಿಗೆ ರಕ್ಷಣೆ ಸಿಗಬಹುದು. ಎರಡನೆಯದನ್ನು ಬರೆದವನು ತಾನೇ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾದೀತು. ಸ್ವಂತ ಹಿತರಕ್ಷಣೆಗಾಗಿ, ಅಥವಾ ಕೇಳುವವರ ಹಿತಕ್ಕಾಗಿ ಸದುದ್ದೇಶದಿಂದ ನೀಡಿದ ಎಚ್ಚರಿಕೆಗೆ ಕಾನೂನಿನ ಒಂಬತ್ತನೆಯ ಹಾಗೂ ಹತ್ತನೆಯ ವಿನಾಯಿತಿಗಳು ಅನ್ವಯಿಸಬಹುದು. ವ್ಯವಹಾರದ ಸಂಬಂಧವಿರುವ ಒಬ್ಬರಿಗೆ ಹೇಳಿದ ಎಚ್ಚರಿಕೆಗೂ, ಸಂಬಂಧವಿಲ್ಲದ ಇನ್ನೂರು ಜನರ ಮುಂದೆ ಹರಾಜು ಹಾಕುವುದಕ್ಕೂ ಇರುವ ಅಂತರವನ್ನು ನ್ಯಾಯಾಲಯ ನೋಡದೆ ಇರದು.

ಗುಂಪಿನ ನಿರ್ವಾಹಕರು ಸದಸ್ಯರ ಬರಹಕ್ಕೆ ಹೊಣೆಯಲ್ಲವೆಂದು ದೆಹಲಿ ಉಚ್ಚ ನ್ಯಾಯಾಲಯ 2016ರಲ್ಲಿ ಹೇಳಿರುವುದು ನಿಜ. ಆದರೆ ಬೇರೊಬ್ಬರ ಸಂದೇಶವನ್ನು ಮುಂದೆ ಕಳುಹಿಸುವುದು ಅದನ್ನು ಒಪ್ಪಿಕೊಂಡಂತೆಯೇ ಎಂದು ಮದ್ರಾಸ್ ಉಚ್ಚ ನ್ಯಾಯಾಲಯ 2018ರಲ್ಲಿ ಅಭಿಪ್ರಾಯಪಟ್ಟಿದೆ. 'ಬಂದದ್ದನ್ನು ಕಳುಹಿಸಿದೆ, ಅಷ್ಟೆ' ಎಂಬ ಸಮಜಾಯಿಷಿ ಸುರಕ್ಷಿತವಲ್ಲ.

ವಸೂಲಿಗೆ ಮಾನ ಕಳೆಯುವುದೊಂದೇ ದಾರಿಯಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸರಬರಾಜುದಾರರಿಗೆ 2006ರ ಎಂಎಸ್‌ಎಂಇಡಿ ಕಾಯಿದೆಯು 45 ದಿನಗಳ ಗರಿಷ್ಠ ಪಾವತಿ ಅವಧಿಯನ್ನೂ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನೂ, ಸೌಲಭ್ಯ ಮಂಡಳಿಯ ಮುಂದೆ ಅರ್ಜಿ ಸಲ್ಲಿಸುವ ಹಕ್ಕನ್ನೂ ನೀಡಿದೆ. ಕೇವಲ ಕೊಂಡು ಮಾರುವ ವ್ಯಾಪಾರಿಗಳಿಗೆ 2021ರ ಆದೇಶವು ಉದ್ಯಮ ನೋಂದಣಿಯ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಿತು. ಆದರೂ ಚೆಕ್ ಅಮಾನ್ಯವಾದರೆ 138ನೆಯ ಕಲಂ, ಲಿಖಿತ ಕರಾರಿದ್ದರೆ ಸಂಕ್ಷಿಪ್ತ ದಾವೆ ಅವರಿಗೂ ಲಭ್ಯ. ಈ ಮಾರ್ಗಗಳು ನಿಧಾನವೆಂಬ ದೂರಿನಲ್ಲಿ ಹುರುಳಿದೆ. ಆದರೆ ಅಲ್ಲಿ ವ್ಯಾಪಾರಿ ಫಿರ್ಯಾದಿಯಾಗಿ ನಿಲ್ಲುತ್ತಾನೆ. ಸಿಟ್ಟಿನ ಒಂದು ಸಂದೇಶ ಅವನನ್ನೇ ಪ್ರತಿವಾದಿಯನ್ನಾಗಿ ಮಾಡಿ, ಬರಬೇಕಾದ ಬಾಕಿಯ ಚೌಕಾಶಿಯಲ್ಲಿ ಎದುರಾಳಿಗೆ ಮೇಲುಗೈ ಒದಗಿಸುತ್ತದೆ.

ವಾಣಿಜ್ಯ ಸಂಘಗಳು ಈ ದಿಸೆಯಲ್ಲಿ ಮುಂದಾಗುವುದು ಅಪೇಕ್ಷಣೀಯ. ತಮ್ಮ ಗುಂಪುಗಳಲ್ಲಿ ಬಾಕಿದಾರರ ಹೆಸರು ಪ್ರಕಟಿಸುವುದನ್ನು ನಿಷೇಧಿಸಿ, ಅದರ ಬದಲು ಹಿರಿಯ ಸದಸ್ಯರ ಸಂಧಾನ ಸಮಿತಿಯೊಂದರ ಮುಂದೆ ಉಭಯ ಪಕ್ಷಗಳನ್ನೂ ಕರೆಸಿ ಮಾತನಾಡಿಸಿದರೆ ಎಷ್ಟೋ ಬಾಕಿಗಳು ನ್ಯಾಯಾಲಯದ ಮೆಟ್ಟಿಲೇರದೆ ಇತ್ಯರ್ಥವಾದಾವು. ಬಾಯಿಮಾತಿನ ಮೇಲೆ ಲಕ್ಷಾಂತರ ರೂಪಾಯಿಗಳ ಮಾಲು ಕೈಬದಲಾಗುವ ಪೇಟೆಯಲ್ಲಿ ಒಬ್ಬರ ಹೆಸರು ಸುಳ್ಳು ಮಾತಿಗೆ ಅಳಿಯುವುದಾದರೆ ನಾಳೆ ಇನ್ನೊಬ್ಬರದೂ ಅಳಿಯುತ್ತದೆ. ಬಾಕಿ ಹಣ ಬಡ್ಡಿಸಹಿತ ಮರಳಬಹುದು. ಅಡಿಕೆಗೆ ಹೋದ ಮಾನಕ್ಕೆ ಮಾತ್ರ ಯಾವ ಮಂಡಳಿಯೂ ಬಡ್ಡಿ ಕೊಡಿಸಲಾರದು.