ಸೀಟ್ ಸಿಕ್ತು, ಪಾಠ? (ಭಾಗ 4)

ನಿಮ್ಮ ಕ್ಲಾಸಲ್ಲಿ ಒಂದಿನಾನೂ ಡೌಟ್ ಕೇಳದೇ ಇರೋರು ಯಾರು, ಯೋಚ್ನೆ ಮಾಡಿ. ಅವರು ಓದಿದ್ದು ಯಾವ ಮೀಡಿಯಂ ಅಂತ ಕೇಳಿದ್ದೀರಾ?

ನನ್ನ ಪಕ್ಕ ಕೂರೋಳು ಪಾವಗಡ ಕಡೆಯವಳು. ಮನೇಲಿ ತೆಲುಗು, ಪಿಯುಸಿವರೆಗೂ ಕನ್ನಡ, ಈಗ ಬಿಕಾಂ ಇಂಗ್ಲಿಷಲ್ಲಿ. ಅವರಪ್ಪ ಶೇಂಗಾ ಮಾರಿದ ಲೆಕ್ಕ ಬರೆಯೋದೇ ಅವಳು. ಆದ್ರೆ ಕ್ಲಾಸಲ್ಲಿ 'ಓವರ್‌ಹೆಡ್ ಅಬ್ಸಾರ್ಪ್ಷನ್' ಅಂದ ತಕ್ಷಣ ಪೆನ್ನು ಕೆಳಗಿಡ್ತಾಳೆ. ಹೋದ ಸೆಮ್‌ನಲ್ಲಿ ಎರಡು ಬ್ಯಾಕ್. ಮನೇಲಿ "ಓದಿದ್ದು ಸಾಕು" ಅಂತಿದ್ದಾರೆ.

2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಮಧುಗಿರಿ, ಶಿರಾ ಎಲ್ಲಿಂದಾದ್ರೂ ಸರ್ಕಾರಿ ಬಸ್ಸಲ್ಲಿ ಹುಡುಗೀರು ಫ್ರೀಯಾಗಿ ಕಾಲೇಜಿಗೆ ಬರಬಹುದು. ಗೇಟ್ ದಾಟಿದ ಮೇಲೆ? ಇಂಗ್ಲಿಷ್ ಮೀಡಿಯಂ ಕೋರ್ಸ್ ಆದ್ರೂ ಪರೀಕ್ಷೇನ ಸ್ಥಳೀಯ ಭಾಷೇಲಿ ಬರೆಯೋಕೆ ಬಿಡಿ ಅಂತ ಯುಜಿಸಿ 2023ರ ಏಪ್ರಿಲ್‌ನಲ್ಲೇ ವಿವಿಗಳಿಗೆ ಹೇಳಿತ್ತು. ಸರಿ, ಬರೆಯೋಣ. ಯಾವ ಪುಸ್ತಕ ಓದಿ?

ಬೆಂಗಳೂರಲ್ಲಿ ಕ್ಯಾಂಪಸ್ ಮಾಡೋಕೆ ಲಿವರ್‌ಪೂಲ್ ವಿವಿಗೆ 2025ರಲ್ಲಿ ಯುಜಿಸಿ ಒಪ್ಪಿಗೆ ಕೊಡ್ತು. ಬರಲಿ, ಹೊಟ್ಟೆಕಿಚ್ಚಿಲ್ಲ. ಅಂಥ ಕಡೆ 'ಡೈವರ್ಸಿಟಿ' ಅಂದ್ರೆ ಬ್ರೋಷರ್‌ನಲ್ಲಿ ನಾಲ್ಕು ದೇಶದ ಮುಖ. ನಮ್ಮ ಒಂದೇ ಬೆಂಚಲ್ಲಿ ತೆಲುಗು, ಉರ್ದು, ಕನ್ನಡ ಮೂರೂ ಇವೆ, ಯಾರೂ ಫೋಟೋ ತೆಗೆಯಲ್ಲ.

ಇಂಗ್ಲಿಷ್ ಬೇಡ ಅಂತಿಲ್ಲ ನಾನು. ಕೆಲ್ಸಕ್ಕೆ ಬೇಕೇ ಬೇಕು. ಮೊದಲ ಎರಡು ಸೆಮ್ ಎರಡೂ ಭಾಷೇಲಿ ಪಾಠ ಮಾಡಿ, ಜೊತೆಗೇ ಇಂಗ್ಲಿಷನ್ನೂ ಕಲಿಸಿ. ಇಷ್ಟು ಕೇಳೋದು ಜಾಸ್ತಿ ಆಯ್ತಾ?

ಅಲ್ಲಿವರೆಗೂ ಶನಿವಾರ ಮಧ್ಯಾಹ್ನ ನಾವು ಮೂರು ಜನ ಕಾಸ್ಟಿಂಗ್‌ನ ಕನ್ನಡದಲ್ಲಿ ಹೇಳ್ಕೊಡ್ತೀವಿ. ಅವಳೂ ಬರ್ತಾಳೆ. ಕನ್ನಡ ನೋಟ್ಸ್ ಇರೋರು ಡಿಎಂ ಮಾಡಿ 🙏