ಪ್ರತೀಕಾರ ಯಾರಿಗೆ ನ್ಯಾಯ ಕೊಟ್ಟಿದೆ?

2022ರ ಜುಲೈ 19ರಂದು ಸುಳ್ಯ ತಾಲೂಕಿನ ಕಳಂಜದಲ್ಲಿ ತರುಣನೊಬ್ಬನ ಮೇಲೆ ಹಲ್ಲೆ ನಡೆಯಿತು. ಎರಡು ದಿನಗಳ ಬಳಿಕ ಆತ ಮಂಗಳೂರಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. 26ರ ರಾತ್ರಿ ಬೆಳ್ಳಾರೆಯಲ್ಲಿ, ಕೋಳಿ ಅಂಗಡಿ ಮುಚ್ಚಿ ಮನೆಗೆ ಹೊರಟಿದ್ದ ಬಿಜೆಪಿ ಯುವ ಮೋರ್ಚಾದ ಕಾರ್ಯಕರ್ತನ ಕೊಲೆಯಾಯಿತು. 28ರಂದು ಸುರತ್ಕಲ್‌ನಲ್ಲಿ ಇನ್ನೊಬ್ಬ ಯುವಕನ ಹತ್ಯೆ. ಹತ್ತು ದಿನಗಳಲ್ಲಿ ಮೂರು ಮನೆಗಳ ದೀಪ ಆರಿತು. ಹೆಸರುಗಳನ್ನು ನಾವು ಬೇಕೆಂದೇ ಬರೆದಿಲ್ಲ. ಮೊದಲು ಹೆಸರು ಕೇಳಿ, ಆಮೇಲೆ ದುಃಖಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದೇ ಈ ಜಿಲ್ಲೆಗೆ ತಗುಲಿದ ರೋಗ.

ಆ ರಕ್ತಪಾತದಿಂದ ಯಾರು ಏನನ್ನು ಗಳಿಸಿದರು? ನಿಷೇಧಾಜ್ಞೆ ಬಂತು, ಸಂಜೆಗೇ ಅಂಗಡಿಗಳು ಮುಚ್ಚಿದವು, ದಿನಗೂಲಿಯವರ ಒಲೆ ತಣ್ಣಗಾಯಿತು. ಬೆಳ್ಳಾರೆ ಪ್ರಕರಣದ ತನಿಖೆ ಎನ್‌ಐಎ ಕೈಸೇರಿತು. ಸೆಪ್ಟೆಂಬರ್ 28ರಂದು ಪಿಎಫ್‌ಐ ನಿಷೇಧಕ್ಕೊಳಗಾಯಿತು. ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯ ಹೇಳಬೇಕು. ಆದರೆ ಜೈಲಿನ ಬಾಗಿಲಲ್ಲಿ ಕಾಯುವ ತಾಯಂದಿರ ವೇದನೆಗೆ ಯಾವ ತೀರ್ಪೂ ಕಾಯುವುದಿಲ್ಲ.

ಅನ್ಯಾಯ ನಡೆದಿರಲಿಲ್ಲ ಎಂದಲ್ಲ. ಅಂದಿನ ಮುಖ್ಯಮಂತ್ರಿಗಳು ಒಂದೇ ಮನೆಗೆ ಭೇಟಿಯಿತ್ತರು, ಸರಕಾರದ ಪರಿಹಾರವೂ ಒಂದೇ ಮನೆಗೆ ತಲುಪಿತು. ಈ ತಾರತಮ್ಯ ಸರಿಹೋದದ್ದು ಹೇಗೆ? ಜನರು ಪ್ರಶ್ನಿಸಿದರು, ಪತ್ರಿಕೆಗಳು ಬರೆದವು, 2023ರ ಮೇಯಲ್ಲಿ ಮತದಾರರು ಸರಕಾರವನ್ನೇ ಬದಲಿಸಿದರು. ಜೂನ್‌ನಲ್ಲಿ ಹೊಸ ಸರಕಾರ ಕೈಬಿಟ್ಟುಹೋಗಿದ್ದ ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ನೀಡಿತು. 2018ರಲ್ಲಿ ಕಾಟಿಪಳ್ಳದಲ್ಲಿ ಕೊಲೆಯಾದ ಹಿಂದೂ ಯುವಕನ ಕುಟುಂಬವೂ ಆ ಪಟ್ಟಿಯಲ್ಲಿತ್ತು. ತಡವಾಗಿ ಬಂದರೂ ಆ ಪರಿಹಾರ ಕತ್ತಿಯ ದಾರಿಯಲ್ಲಿ ಬರಲಿಲ್ಲ.

ಆತ್ಮರಕ್ಷಣೆಯ ಹಕ್ಕನ್ನು ಇಸ್ಲಾಮ್ ನಿರಾಕರಿಸಿಲ್ಲ. ಆದರೆ ಒಬ್ಬನ ಅಪರಾಧಕ್ಕೆ ಅವನ ಧರ್ಮದ ಇನ್ನೊಬ್ಬನನ್ನು ಕೊಲ್ಲುವುದು ಆತ್ಮರಕ್ಷಣೆಯಲ್ಲ, ಅದು ಶುದ್ಧ ಅಕ್ರಮ. ಸಹೋದರನು ಕೊಲ್ಲಲು ಕೈಯೆತ್ತಿದರೂ ತಾನು ಕೈಯೆತ್ತಲಾರೆನೆಂದ ಹಾಬೀಲನ ವೃತ್ತಾಂತವನ್ನು ಪವಿತ್ರ ಕುರ್‌ಆನ್ ಅಲ್‌ಮಾಇದಃ ಅಧ್ಯಾಯದಲ್ಲಿ ವಿವರಿಸುತ್ತದೆ. ಅದರ ಬೆನ್ನಿಗೇ, ಒಂದು ಜೀವವನ್ನು ಅನ್ಯಾಯವಾಗಿ ಕೊಂದವನು ಇಡೀ ಮನುಕುಲವನ್ನೇ ಕೊಂದಂತೆ ಎಂದು ಎಚ್ಚರಿಸುತ್ತದೆ. ಹಿಜರಿ 6ರಲ್ಲಿ ಪ್ರವಾದಿ(ಸ)ಯವರು ಹುದೈಬಿಯದಲ್ಲಿ ಒಪ್ಪಿದ ಸಂಧಿ ಅನೇಕ ಅನುಚರರಿಗೆ ಸೋಲಿನಂತೆ ಕಂಡಿತ್ತು. ಆದರೆ ಅದು ತಂದ ಶಾಂತಿಯ ದಿನಗಳೇ ಸಂದೇಶ ಹರಡಲು ದಾರಿ ತೆರೆದವು.

ಅಹಿಂಸೆ ಹೇಡಿತನವೇ? 2018ರ ಮಾರ್ಚ್‌ನಲ್ಲಿ ಪಶ್ಚಿಮ ಬಂಗಾಳದ ಅಸನ್ಸೋಲ್‌ನಲ್ಲಿ ಇಮಾಮ್ ಇಮ್ದಾದುಲ್ಲಾ ರಶೀದಿಯವರ ಹದಿಹರೆಯದ ಮಗ ಕೋಮುಗಲಭೆಯಲ್ಲಿ ಹತನಾದ. ರೊಚ್ಚಿಗೆದ್ದು ನೆರೆದ ಜನರಿಗೆ ಅವರು, ಯಾರಾದರೂ ಪ್ರತೀಕಾರಕ್ಕಿಳಿದರೆ ಮಸೀದಿಯನ್ನೂ ಊರನ್ನೂ ಬಿಟ್ಟು ಹೋಗುವೆನೆಂದು ಹೇಳಿದರು. ಅಸನ್ಸೋಲ್ ಇನ್ನಷ್ಟು ಉರಿಯಲಿಲ್ಲ. ಮಗನ ಜನಾಝದ ಬಳಿ ನಿಂತು ಹಾಗೆ ಹೇಳಲು ಬೇಕಾದ ಧೈರ್ಯ, ಕತ್ತಲಲ್ಲಿ ಹೊಂಚುಹಾಕುವವನಲ್ಲಿ ಇದೆಯೇ?

2025ರ ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ ಕುಡುಪು, ಬಜ್ಪೆ, ಬಂಟ್ವಾಳಗಳಲ್ಲಿ ಮತ್ತೆ ಮೂರು ಹೆಣಗಳು ಬಿದ್ದವು. ಈ ಸರಪಳಿಯನ್ನು ಯಾರಾದರೂ ತುಂಡರಿಸಲೇಬೇಕು. ನಮ್ಮ ಖತೀಬರು ಮಿಂಬರ್‌ನಿಂದ ಇದನ್ನು ನೇರ ಮಾತುಗಳಲ್ಲಿ ಹೇಳಲಿ. ಜಮಾಅತ್ ಕಮಿಟಿಗಳು ಸಂತ್ರಸ್ತರ ಪರ ದೂರು, ಸಾಕ್ಷ್ಯ, ವಕೀಲರ ವ್ಯವಸ್ಥೆಗೆ ನಿಲ್ಲಲಿ. ಜೊತೆಗೆ ಹತ್ಯೆಯಾದವನು ಯಾವ ಧರ್ಮದವನೇ ಆಗಿರಲಿ, ಅವನ ಮನೆಯ ಅಂಗಳಕ್ಕೂ ಹೋಗಲಿ. ಮಕ್ಕಳ ಮೊಬೈಲಿಗೆ ಬರುವ ಸೇಡಿನ ಸಂದೇಶಗಳನ್ನು ಹೆತ್ತವರು ಗಮನಿಸಲಿ. ನೆರೆಯವನು ಮೊದಲು ನಿಲ್ಲಿಸಲಿ ಎಂದು ಕಾಯುತ್ತಾ ಕುಳಿತರೆ, ಮುಂದಿನ ಮಯ್ಯಿತ್ ನಮ್ಮ ಅಂಗಳದಿಂದಲೇ ಹೊರಡಬಹುದು.