ವರ್ಣಸಂಯಮ

ಬಣ್ಣಗಳು ಹೆಚ್ಚಿದಷ್ಟೂ ಛಾಯಾಚಿತ್ರದ ಸೊಗಸು ಹೆಚ್ಚುತ್ತದೆಂಬುದು ಹಲವರ ನಂಬಿಕೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಜಾತ್ರೆಯಲ್ಲಿ ಕೆಂಪು ಬಲೂನೊಂದನ್ನು ಹಿಡಿದು ನಿಂತ ಬಾಲಕನ ಚಿತ್ರವನ್ನು ತೆಗೆಯುತ್ತೇವೆನ್ನಿ. ಸುತ್ತಲಿನ ಅಂಗಡಿಗಳ ಹಳದಿ, ಹಸುರು, ನೀಲಿಗಳೆಲ್ಲ ಏಕಕಾಲಕ್ಕೆ ಕಣ್ಣನ್ನು ಸೆಳೆಯುತ್ತವೆ. ಆ ಗದ್ದಲದಲ್ಲಿ ಬಾಲಕನ ಮುಖ ಕಳೆದುಹೋಗುತ್ತದೆ. ಎರಡು ಹೆಜ್ಜೆ ಸರಿದು, ಸುಣ್ಣ ಬಳಿದ ಗೋಡೆಯಷ್ಟೇ ಅವನ ಹಿಂದೆ ಬರುವಂತೆ ತೆಗೆದರೆ ಆ ಮುಖವೇ ಮಾತನಾಡತೊಡಗುತ್ತದೆ.

ಮೈಸೂರಿನಲ್ಲಿ 1923ರಲ್ಲಿ ಜನಿಸಿದ ಟಿ. ಎಸ್. ಸತ್ಯನ್ ಅವರು ಸಾಮಾನ್ಯ ಜನರ ಬದುಕನ್ನು ಬಹುಮಟ್ಟಿಗೆ ಕಪ್ಪು-ಬಿಳುಪಿನಲ್ಲಿಯೇ ಸೆರೆಹಿಡಿದರು. ಬಣ್ಣವಿಲ್ಲವೆಂದು ಆ ಚಿತ್ರಗಳಲ್ಲಿನ ನಗೆ ಬಾಡಲಿಲ್ಲ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಪ್ರಧಾನ ಕಚೇರಿಯಲ್ಲಿ ಪ್ರದರ್ಶಿತವಾದವು.

ಜಗತ್ತೇ ಬಹುವರ್ಣಮಯವಾಗಿರುವಾಗ ಬಣ್ಣಗಳನ್ನು ಕೈಬಿಡುವುದು ಸತ್ಯಕ್ಕೆ ಅಪಚಾರವಲ್ಲವೇ ಎಂದು ಕೇಳಬಹುದು. ದಸರೆಯ ಮೆರವಣಿಗೆಯಲ್ಲಿ ವರ್ಣವೈಭವವೇ ವಿಷಯ. ಅಲ್ಲಿ ಅದನ್ನು ಮರೆಮಾಡುವುದು ತಪ್ಪೇ ಸರಿ. ಆದರೆ ಮನುಷ್ಯನ ಮುಖವೇ ವಿಷಯವಾದಾಗ ಉಳಿದ ಬಣ್ಣಗಳು ಹಿಂದೆ ಸರಿಯಬೇಕು. ಇಂದಿನ ಫೋನು ಲಕ್ಷಾಂತರ ಬಣ್ಣಗಳನ್ನು ಹಿಡಿಯಬಲ್ಲುದು. ಯಾವುದನ್ನು ಬಿಡಬೇಕೆಂಬ ವಿವೇಕ ಮಾತ್ರ ಅದನ್ನು ಹಿಡಿದವರದು.